ಮಣ್ಣೆತ್ತು ಮತ್ತು ಕೌದಿ: ವಿಜಯಪುರ ಸೀಮೆಯ ವಿನೋದಶಿಲ್ಪಗಳ ವಿಚಾರ

೧. ಉಪಕ್ರಮ

ವಿಜಯಪುರದ ಇತಿಹಾಸವನ್ನು ಬರೆಯತೊಡಗಿದವರು ಗೋಳಗುಮ್ಮಟದಿಂದ ಆರಂಭಿಸುವುದು ರೂಢಿ. ಅದು ಸಹಜವೂ ಆಗಿದೆ. ಮಹಮ್ಮದ ಆದಿಲಶಾಹನ ಸಮಾಧಿಯ ಮೇಲೆ ಸುಮಾರು ೪೪ ಮೀಟರುಗಳ ಹೊರವ್ಯಾಸದಿಂದ ನಿಂತಿರುವ ಆ ಗುಮ್ಮಟವು ಬಯಲುಸೀಮೆಯಲ್ಲಿ ಬಹುದೂರದಿಂದ ಕಾಣುತ್ತಿರುವಾಗ, ಅದರ ಸುತ್ತಣ ಓಣಿಗಳಲ್ಲಿ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುವ ಮುದುಕಿಯ ಕಡೆಗೆ ಇತಿಹಾಸಕಾರನ ದೃಷ್ಟಿಯು ಹೊರಳದೆ ಇದ್ದುದು ಆಶ್ಚರ್ಯವಲ್ಲ. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ವಿಜಾಪುರ ಗ್ಯಾಝೆಟಿಯರಿನಲ್ಲಿಯೂ ಕೈಕಸಬುಗಳ ವಿಚಾರವು ವ್ಯಾಪಾರದ ಜೊತೆಗೆ ಬಂದಿರುವುದರಿಂದ, ಪೇಟೆಗೆ ಬರುವ ವಸ್ತುವಿಗೆ ಅಲ್ಲಿ ಪುಟ ದೊರೆತಿದೆ. ಮನೆಯಲ್ಲಿಯೇ ಹುಟ್ಟಿ ಮನೆಯಲ್ಲಿಯೇ ಸವೆದುಹೋಗುವ ವಸ್ತುವು ಹಿಂದುಳಿದಿದೆ.

ಈ ಪ್ರಬಂಧದ ವಿಷಯವು ಅಂಥ ವಸ್ತುಗಳು. ವಿಜಯಪುರ ನಗರ, ಅದರ ಪಶ್ಚಿಮಕ್ಕೆ ತೊರವಿಯನ್ನು ದಾಟಿದ ಮೇಲೆ ಬರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ, ಈ ಮೂರು ಸ್ಥಳಗಳ ಸುತ್ತಣ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಮಾಡುತ್ತ ಬಂದಿರುವ ಮಣ್ಣಿನ ಎತ್ತು, ಜೋಳದ ದಂಟಿನ ಬಂಡಿ, ಕೌದಿ, ಕಸೂತಿ ಮೊದಲಾದವುಗಳನ್ನು ಇಲ್ಲಿ ವಿಚಾರಿಸಲಾಗುವುದು. ಇವುಗಳಿಗೆ ನಾನು ವಿನೋದಶಿಲ್ಪಗಳೆಂಬ ಹೆಸರನ್ನಿಟ್ಟಿದ್ದೇನೆ. ಇವುಗಳಲ್ಲಿ ಉಪಯೋಗವು ಇಲ್ಲವೆಂದಲ್ಲ. ಉಪಯೋಗವು ಮುಗಿದ ಮೇಲೂ ಕೈಯು ನಿಲ್ಲದೆ ಇನ್ನೊಂದಿಷ್ಟು ಮುಂದಕ್ಕೆ ಹೋಗಿರುವುದು ಕಾಣುತ್ತದೆ. ಆ ‘ಇನ್ನೊಂದಿಷ್ಟು’ ಎಂಬುದೇ ನಮ್ಮ ವಿಚಾರದ ವಿಷಯ.

ಈ ವಿಷಯವು ಪಂಡಿತರ ಪರಿಷತ್ತಿಗೆ ಯೋಗ್ಯವೇ ಎಂಬ ಶಂಕೆಯು ವಾಚಕ ಮಹಾಶಯರಲ್ಲಿ ಹುಟ್ಟಬಹುದು. ನನ್ನಲ್ಲಿಯೂ ಅದು ಬಹುಕಾಲ ಇದ್ದಿತು. ಆದುದರಿಂದ ಮೊದಲು ಶಾಸ್ತ್ರಗಳನ್ನೇ ಕೇಳಿ ಅನಂತರ ಊರಿಗೆ ಬರುವುದು ಉಚಿತ.

೨. ಶಾಸ್ತ್ರದಲ್ಲಿ ಆಟಿಗೆ ಮತ್ತು ಸೂಜಿ

ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಗೀತ ನೃತ್ಯಗಳ ಜೊತೆಗೆ ಮಾಲೆ ಕಟ್ಟುವುದು, ಅಕ್ಕಿ ಹೂವುಗಳಿಂದ ನೆಲದ ಮೇಲೆ ಚಿತ್ರ ರಚಿಸುವುದು, ದಾರದ ಆಟ, ಸೂಜಿಯ ಕೆಲಸ, ಇವೆಲ್ಲ ಬರುತ್ತವೆ. ಪಟ್ಟಿಯು ಮುಗಿಯುವ ಹೊತ್ತಿಗೆ ‘ಬಾಲಕ್ರೀಡನಕ’ಗಳು, ಎಂದರೆ ಮಕ್ಕಳ ಆಟಿಗೆಗಳು, ಬರುತ್ತವೆ. ಮಣ್ಣುಗೊಂಬೆಯೂ ವೀಣೆಯೂ ಒಂದೇ ಸಾಲಿನಲ್ಲಿ ಕುಳಿತಿರುವುದನ್ನು ನಾವು ಓದುವಾಗ ಗಮನಿಸದೆ ದಾಟಿಬಿಡುತ್ತೇವೆ. ಸೂಜಿಯ ಕೆಲಸವನ್ನು ಜಯಮಂಗಲಾ ವ್ಯಾಖ್ಯಾನವು ಮೂರು ಬಗೆಯಾಗಿ ವಿಭಾಗಿಸುತ್ತದೆ: ಕಂಚುಕಾದಿಗಳನ್ನು ಹೊಲಿಯುವ ಸೀವನ, ಹರಿದ ಬಟ್ಟೆಯನ್ನು ಕೂಡಿಸುವ ಊತನ, ಹಾಸು ಹೊದಿಕೆಗಳನ್ನು ರಚಿಸುವ ವಿರಚನ. ಹರಿದುದನ್ನು ಕೂಡಿಸುತ್ತಲೇ ಹೊಸತನ್ನು ರಚಿಸುವ ಕೌದಿಯು ಎರಡನೆಯ ಮತ್ತು ಮೂರನೆಯ ಬಗೆಗಳು ಕೂಡಿದ ಸ್ಥಳವೆಂದು ಹೇಳಬಹುದು.

ಕಾವ್ಯಗಳಲ್ಲಿ ಆಟಿಗೆಗೆ ದೊರೆತ ಸ್ಥಾನವು ಇನ್ನೂ ದೊಡ್ಡದು. ಶೂದ್ರಕನ ಪ್ರಕರಣಕ್ಕೆ ‘ಮೃಚ್ಛಕಟಿಕ’ವೆಂಬ ಹೆಸರು ಬಂದುದೇ ಒಂದು ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಬಂಗಾರದ ಬಂಡಿಯನ್ನು ಕಂಡ ಚಾರುದತ್ತನ ಮಗನು ಮಣ್ಣಿನ ಬಂಡಿಯು ಬೇಡವೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಅದರಲ್ಲಿ ತುಂಬುತ್ತಾಳೆ. ಮುಂದೆ ಆ ಒಡವೆಗಳೇ ಚಾರುದತ್ತನ ಕೊರಳಿಗೆ ಬರುತ್ತವೆ. ಶಾಕುಂತಲದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಹಿಡಿದೆಳೆಯುವ ಬಾಲಕನನ್ನು ಒಲಿಸಲು ತಾಪಸಿಯು ತರುವುದು ಬಣ್ಣ ಬಳಿದ ಮಣ್ಣಿನ ನವಿಲನ್ನು. ಆ ನವಿಲಿನ ಚೆಲುವನ್ನು ಹೊಗಳುವ ಮಾತಿನಲ್ಲಿ ಬಾಲಕನಿಗೆ ತಾಯಿಯ ಹೆಸರು ಕೇಳಿಸುತ್ತದೆ; ಪಕ್ಕದಲ್ಲಿದ್ದ ತಂದೆಗೂ ಕೇಳಿಸುತ್ತದೆ. ಹೀಗೆ ಎರಡು ಶ್ರೇಷ್ಠ ರೂಪಕಗಳಲ್ಲಿ ಕಥೆಯ ಕೀಲು ಒಂದು ಮಣ್ಣಿನ ಆಟಿಗೆಯ ಮೇಲೆ ತಿರುಗುತ್ತದೆ.

ಆದರೆ ನನ್ನ ವಿಚಾರಕ್ಕೆ ಹೆಚ್ಚು ನೆರವಾದುದು ವ್ಯಾಕರಣ. ಒಂದು ವಸ್ತುವಿನ ಪ್ರತಿಕೃತಿಯನ್ನು ಹೇಳಬೇಕಾದಾಗ ಆ ವಸ್ತುವಿನ ಹೆಸರಿಗೆ ‘ಕ’ ಪ್ರತ್ಯಯವು ಸೇರುವುದೆಂದು ಪಾಣಿನಿಯು ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಧಿಸುತ್ತಾನೆ. ಕುದುರೆಯ ಗೊಂಬೆಯು ಅಶ್ವಕ, ಒಂಟೆಯ ಗೊಂಬೆಯು ಉಷ್ಟ್ರಕ. ಸ್ವಲ್ಪ ಮುಂದೆ ಒಂದು ಅಪವಾದವು ಬರುತ್ತದೆ: ಪ್ರತಿಕೃತಿಯು ಜೀವಿಕೆಗೆ ಆಧಾರವಾಗಿದ್ದೂ ಮಾರಾಟದ ಸರಕಲ್ಲದಿದ್ದರೆ ಆ ಪ್ರತ್ಯಯವು ಲೋಪವಾಗುವುದು. ಪೂಜೆಯಲ್ಲಿರುವ ಶಿವನ ಪ್ರತಿಮೆಯು ಶಿವಕವಲ್ಲ, ಶಿವನೇ. ಮಾರುವ ಆನೆ, ಕುದುರೆ, ರಥಗಳ ಗೊಂಬೆಗಳಾದರೋ ಹಸ್ತಿಕ, ಅಶ್ವಕ, ರಥಕಗಳಾಗಿಯೇ ಉಳಿಯುತ್ತವೆಂದು ಕಾಶಿಕಾಕಾರರು ಪ್ರತ್ಯುದಾಹರಣೆ ಕೊಡುತ್ತಾರೆ. ಹೊನ್ನಿನ ಆಸೆಯಿಂದ ಮೌರ್ಯರು ಪ್ರತಿಮೆಗಳನ್ನು ಮಾಡಿಸಿದ ಸಂಗತಿಯನ್ನು ಪತಂಜಲಿಯು ಪ್ರಸ್ತಾಪಿಸುವುದು ಈ ಸ್ಥಳದಲ್ಲಿಯೇ.

ಜೀವಿಕೆ ಬೇರೆ, ಮಾರಾಟ ಬೇರೆ. ಮಾರಾಟಕ್ಕಲ್ಲದ ಪ್ರತಿಕೃತಿಯು ಮೂಲದ ಹೆಸರನ್ನೇ ಪಡೆಯುತ್ತದೆ. ಈ ವಿವೇಕವನ್ನು ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ ನನಗೆ ಅದರ ಅರ್ಥವು ತಿಕೋಟೆಯ ಒಂದು ಪಡಸಾಲೆಯಲ್ಲಿ ಹೊಳೆಯುವುದಕ್ಕೆ ನಾಲ್ವತ್ತು ವರ್ಷಗಳು ಬೇಕಾದುವು.

೩. ಮಣ್ಣು

ಬಡಗಣ ಕನ್ನಡ ನಾಡಿನಲ್ಲಿ ವರುಷಕ್ಕೆ ಐದು ಸಲ ಮಣ್ಣಿನ ಪೂಜೆಯೆಂದು ಹಿರಿಯರು ಎಣಿಸುತ್ತಾರೆ. ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅದೇ ಮಾಸದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಜೋಕುಮಾರ. ಮುಂಗಾರು ಬಿತ್ತನೆಯ ಕಾಲದಿಂದ ಹಿಂಗಾರಿ ಬಿತ್ತನೆಯು ಸಮೀಪಿಸುವವರೆಗೆ, ಯಾವ ನಾಲ್ಕು ತಿಂಗಳಲ್ಲಿ ಒಕ್ಕಲಿಗನ ಕಣ್ಣು ಮುಗಿಲಿನ ಮೇಲೆಯೂ ಕಾಲು ಮಣ್ಣಿನ ಮೇಲೆಯೂ ಇರುವುದೋ, ಆ ನಾಲ್ಕು ತಿಂಗಳಲ್ಲಿಯೇ ಈ ಐದು ಪೂಜೆಗಳು ಬರುತ್ತವೆ. ಡೋಣಿಯ ಬಯಲಿನ ಎರೆಭೂಮಿಯನ್ನು ನೋಡಿದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಜಿಗುಟಾದ ಆ ಕರಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಹದವಾಗಿ ನೆನೆದಾಗ ಬೆರಳು ಹೇಳಿದ ಮಾತನ್ನು ಕೇಳುತ್ತದೆ.

ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ ಮೆರೆಯಿಸುತ್ತಾರೆ. ಹದಿನೈದು ದಿನಗಳ ಅನಂತರ ಅಮಾವಾಸ್ಯೆಗೆ ಅದೇ ಸಂಭ್ರಮವು ಗೇಣುದ್ದಕ್ಕೆ ಇಳಿದು ಮನೆಯೊಳಗೆ ಬರುತ್ತದೆ. ಮಕ್ಕಳು ಮಣ್ಣನ್ನು ನಾದಿ, ಉಂಡೆಯಿಂದ ಮೈಯನ್ನೂ ಹಿಣಿಲನ್ನೂ ಎಳೆದು, ಕಾಲುಗಳನ್ನು ತಿದ್ದಿ, ಕೋಡು ಮೂಡಿಸುತ್ತಾರೆ. ಎತ್ತುಗಳು ಯಾವಾಗಲೂ ಜೋಡಿ. ಅವುಗಳ ಮುಂದೆ ಮೇವಿಗೆ ಮಣ್ಣಿನದೇ ಗೋದಲಿ. ಈ ಗೋದಲಿಯನ್ನು ವಾಚಕರು ಗಮನಿಸಬೇಕು. ಮಣ್ಣಿನ ಎತ್ತಿಗೆ ಹಸಿವಿಲ್ಲವೆಂಬುದು ಐದು ವರುಷದ ಕೂಸಿಗೂ ಗೊತ್ತು. ಆದರೂ ಎತ್ತನ್ನು ಮಾಡಿ ಗೋದಲಿಯನ್ನು ಮಾಡದೆ ಬಿಡುವುದಕ್ಕೆ ಕೂಸಿನ ಮನಸ್ಸು ಒಪ್ಪುವುದಿಲ್ಲ. ಗುಳ್ಳವ್ವನಿಗಂತೂ ಮೈತುಂಬ ಗುಲಗಂಜಿ ಕುಸುಬಿಯ ಕಾಳುಗಳನ್ನು ಒತ್ತಿ ಸಿಂಗರಿಸುತ್ತಾರೆ. ಕೆಂಪು, ಕಪ್ಪು, ಬಿಳುಪುಗಳನ್ನು ಎಲ್ಲೆಲ್ಲಿ ಇಡಬೇಕೆಂಬುದಕ್ಕೆ ಯಾವ ಆಗಮವೂ ಇಲ್ಲ. ಅದನ್ನು ಆಯಾ ಹುಡುಗಿಯ ಬುದ್ಧಿಯೇ ನಿರ್ಣಯಿಸುತ್ತದೆ. ಆದುದರಿಂದ ಒಂದು ಓಣಿಯ ಇಬ್ಬರು ಗುಳ್ಳವ್ವರು ಒಂದೇ ಬಗೆಯಾಗಿರುವುದಿಲ್ಲ.

ಅಮಾವಾಸ್ಯೆಯ ಮರುದಿನ ಹುಡುಗರು ಒಂದು ಮಣ್ಣೆತ್ತನ್ನು ಹಿಡಿದು ಮನೆಮನೆಗೆ ಹೋಗಿ, ಅದು ಕುಂಟೆತ್ತೆಂದು ಹಾಡಿ ಜೋಳ ಬೇಡುತ್ತಾರೆ. ಬಂದುದರಿಂದ ಅಡಿಗೆ ಮಾಡಿಸಿ ಕೂಡಿ ಉಣ್ಣುತ್ತಾರೆ. ದೇವರಾಗಿ ಪೂಜೆಗೊಂಡುದು ಮರುದಿನವೇ ಕುಂಟನಾಗಿ ಭಿಕ್ಷೆಗೆ ಹೊರಡುವ ಈ ವಿನೋದದಲ್ಲಿ ಯಾರಿಗೂ ಅಪಚಾರವು ಕಾಣುವುದಿಲ್ಲ. ಕಡೆಗೆ ಅದನ್ನು ನೀರಿಗೆ ಬಿಡುವರು. ಮುಂದಿನ ವರುಷದ ಎತ್ತು ಮತ್ತೆ ಹೊಸದಾಗಿಯೇ ಹುಟ್ಟಬೇಕು.

ತಾವೇ ಮಾಡಲಾರದ ಮನೆಗಳಿಗೆ ಕುಂಬಾರನು ಎತ್ತುಗಳನ್ನು ಕೊಡುವುದು ಹಳೆಯ ಪದ್ಧತಿ. ತಿಕೋಟೆಯ ಪಡಸಾಲೆಯೆಂದು ಮೇಲೆ ಹೇಳಿದೆನಷ್ಟೆ. ಅಲ್ಲಿ ಕುಂಬಾರರ ಹೆಣ್ಣುಮಗಳೊಬ್ಬಳು ಬುಟ್ಟಿಯಿಂದ ಜೋಡೆತ್ತುಗಳನ್ನು ಎತ್ತಿ ಮಣೆಯ ಮೇಲಿಟ್ಟಳು. ಮನೆಯಾಕೆಯು ಮೊರದಲ್ಲಿ ಜೋಳವನ್ನು ತಂದು ಅದೇ ಬುಟ್ಟಿಗೆ ಸುರಿದಳು. ಬೆಲೆಯೆಷ್ಟೆಂದು ಆಕೆ ಕೇಳಲಿಲ್ಲ. ಇಷ್ಟೇ ಏಕೆಂದು ಈಕೆ ಅನ್ನಲಿಲ್ಲ. ಬುಟ್ಟಿಯಲ್ಲಿದ್ದಾಗ ಅವು ಎತ್ತುಗಳು. ಮಣೆಯನ್ನೇರಿ ಅರಿಸಿನ ಕುಂಕುಮ ಬಿದ್ದ ಕೂಡಲೆ ಆ ಮನೆಯವರ ಬಾಯಲ್ಲಿ ‘ಬಸವಣ್ಣ’ ಎಂಬ ಹೆಸರು ಬಂದಿತು. ಮಣ್ಣಿನ ಬಸವಣ್ಣನೆಂದು ಯಾರೂ ಅನ್ನಲಿಲ್ಲ. ಪ್ರತ್ಯಯವು ಲೋಪವಾದುದನ್ನು ನಾನು ಕಣ್ಣಾರೆ ಕಂಡೆನು. ಕುಂಬಾರಿತಿಗೆ ಅದು ಜೀವಿಕೆ, ಆದರೆ ಸರಕಲ್ಲ. ಪಾಣಿನಿಯ ಅಪವಾದಸೂತ್ರಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯು ನನಗೆ ಬೇರೆಲ್ಲಿಯೂ ದೊರೆತಿಲ್ಲ.

ಕಾಳಿಗೆ ಎತ್ತನ್ನು ಕೊಟ್ಟುದೂ ಒಂದು ವಿಕ್ರಯವೇ ಅಲ್ಲವೇ ಎಂದರೆ, ಅಲ್ಲ. ವಿಕ್ರಯದಲ್ಲಿ ವಸ್ತುವಿಗೂ ಬೆಲೆಗೂ ಅಳತೆಯುಂಟು. ಕೊಟ್ಟು ಕೊಂಡೊಡನೆ ಸಂಬಂಧವು ತೀರುತ್ತದೆ. ಆಯದಲ್ಲಿ ಅಳತೆಯು ಮನೆಯ ಸುಗ್ಗಿಯನ್ನು ಅನುಸರಿಸಿ ಏರಿಳಿಯುತ್ತದೆ. ಕೊಟ್ಟು ಕೊಂಡ ಮೇಲೂ ಸಂಬಂಧವು ಮುಂದಿನ ವರುಷಕ್ಕೆ ಕಾದಿರುತ್ತದೆ.

ಮಣ್ಣಿನ ಜೊತೆಗೆ ಹೊಲದ ದಂಟನ್ನೂ ಹೇಳಬೇಕು. ಜೋಳದ ಸುಗ್ಗಿಯಾದ ಮೇಲೆ ಹುಡುಗರ ಕೈಗೆ ಸಿಗುವ ಒಣದಂಟಿನಲ್ಲಿ ಹೊರಗಿನ ಗಟ್ಟಿ ಸಿಪ್ಪೆ, ಒಳಗಿನ ಹಗುರಾದ ಬೆಂಡು ಎಂದು ಎರಡು ದ್ರವ್ಯಗಳುಂಟು. ಸಿಪ್ಪೆಯನ್ನು ಸೀಳಿ ಮೊಳೆಯಂತೆಯೂ ಬಳೆಯಂತೆಯೂ, ಬೆಂಡನ್ನು ತುಂಡರಿಸಿ ತೊಲೆಯಂತೆಯೂ ಗಾಲಿಯಂತೆಯೂ ಉಪಯೋಗಿಸಿ, ಕಬ್ಬಿಣವೂ ಅಂಟೂ ಇಲ್ಲದೆ ಚಕ್ಕಡಿಯನ್ನು ಕಟ್ಟುತ್ತಾರೆ. ಅದೇ ದಂಟಿನಿಂದ ಚಸ್ಮಾ ಮಾಡಿ ಮೂಗಿನ ಮೇಲೇರಿಸಿಕೊಂಡು ಶಾಲೆಯ ಮಾಸ್ತರರಂತೆ ನಡೆದು ತೋರಿಸುವ ಹುಡುಗನನ್ನು ಈ ಸೀಮೆಯಲ್ಲಿ ಕಾಣದವರಾರು? ಕಾಶಿಕೆಯ ರಥಕವು ಮಾರುವ ರಥಕ. ಈ ಹುಡುಗನದು ಮಾರದ ರಥ. ಚಾರುದತ್ತನ ಮಗನಂತೆ ಈತನೂ ಬಂಗಾರದ ಬಂಡಿಯನ್ನು ಕಂಡರೆ ಅಳಬಹುದು. ಆದರೆ ಮಾಡುವಷ್ಟು ಹೊತ್ತು ಅವನಿಗೆ ಬಂಗಾರದ ನೆನಪು ಬರುವುದಿಲ್ಲ. ಚಾರುದತ್ತನ ಮಗನ ಬಂಡಿಯು ಬೇರೊಬ್ಬರು ಕೊಟ್ಟುದು, ಈತನದು ತಾನೇ ಕಟ್ಟಿದುದು ಎಂಬ ಭೇದವನ್ನು ಇಲ್ಲಿ ಮರೆಯಲಾಗದು.

೪. ಅರಿವೆ

ಕೌದಿಯ ರಚನೆಯು ಬಲ್ಲವರಿಗೆ ತಿಳಿದುದೇ. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲ್ಪದರಕ್ಕೆ ಬಗೆಬಗೆಯ ಬಣ್ಣದ ತುಂಡುಗಳನ್ನು ಹೊಂದಿಸಿ, ಹೊರ ಅಂಚಿನಿಂದ ಓಟದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾರೆ. ಹೀಗೆ ಹೊಲಿಗೆಯ ಸಾಲುಗಳು ನೇಗಿಲ ಗೆರೆಗಳಂತೆ ಮೈತುಂಬ ಮೂಡುತ್ತವೆ. ಮರಾಠಿಯಲ್ಲಿ ಇದಕ್ಕೆ ಗೋಧಡಿಯೆನ್ನುವರು. ಸಂಸ್ಕೃತದ ಕಂಥೆಯು ಇದರ ಹಿರಿಯ ಬಂಧು. ವಿರಕ್ತರ ಕಂಥೆಯನ್ನು ವೈರಾಗ್ಯಕಾವ್ಯಗಳು ಕೊಂಡಾಡಿವೆ. ಸಂಸಾರಿಗಳ ಕೌದಿಯನ್ನು ಕೊಂಡಾಡುವ ಶತಕವನ್ನು ನಾನು ಓದಿಲ್ಲ.

ಇತಿಹಾಸಕಾರನಿಗೆ ಕೌದಿಯು ಒಂದು ಶಾಸನವೆಂದರೆ ಅತಿಶಯೋಕ್ತಿಯಾಗದು. ಬಬಲೇಶ್ವರದ ಕಡೆಯ ಒಂದು ಹಳೆಯ ಮನೆಯಲ್ಲಿ ನಾನು ಕಂಡ ಕೌದಿಯೊಂದರ ಅಡಿಯ ಪದರದಲ್ಲಿ ಕೈಮಗ್ಗದ ದಪ್ಪ ನೂಲಿನ ಧೋತರವಿದ್ದಿತು. ಅದರ ಮೇಲೆ ಇಳಕಲ್ಲಿನ ಸೀರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಮಾಸಿ ಕಾಣುತ್ತಿದ್ದುವು. ಅಂಚಿಗೆ ಗುಳೇದಗುಡ್ಡದ ಖಣದ ತುಂಡುಗಳು. ನಡುವೆ ಗಿರಣಿಯ ಚೀಟಿಬಟ್ಟೆ. ಎಲ್ಲಕ್ಕಿಂತ ಮೇಲೆ ಶಾಲೆಯ ಮಕ್ಕಳ ನೀಲಿಯ ಸಮವಸ್ತ್ರದ ಚೂರುಗಳು ಮತ್ತು ನೀರು ಹೀರದ ಪಾಲಿಸ್ಟರ್. ಕೈನೂಲಿನಿಂದ ಪಾಲಿಸ್ಟರಿನವರೆಗೆ ಈ ನಾಡಿನ ವಸ್ತ್ರೇತಿಹಾಸವು ಆ ಎರಡು ಬೆರಳಿನ ದಪ್ಪದಲ್ಲಿ ಪದರಪದರವಾಗಿ ಇದ್ದಿತು. ಹಳೆಯ ಕೌದಿಯ ಮೇಲೆಯೇ ಹೊಸ ಅರಿವೆಯನ್ನು ಹಚ್ಚಿ ಮತ್ತೆ ಹೊಲಿಯುವುದುಂಟಾದುದರಿಂದ ಕೆಳಗಿನದು ಮೊದಲಿನದು, ಮೇಲಿನದು ಈಚಿನದು. ಆ ಮನೆಯ ಮುದುಕಿಯು ಒಂದೊಂದು ತುಂಡನ್ನೂ ಮುಟ್ಟಿ, ಇದು ಅತ್ತೆಯ ಸೀರೆ, ಇದು ತೀರಿಹೋದ ಮಗನ ಅಂಗಿ ಎಂದು ಓದಿ ಹೇಳಿದಳು.

ಸಾಲುಗಳೆಲ್ಲ ಕೂಡುವ ನಡುವಿನಲ್ಲಿ, ಬದಿಗೆ ಸ್ವಲ್ಪ ಸರಿದು, ಮೂರು ಮೂಲೆಯ ಒಂದು ಚಿಕ್ಕ ಕೆಂಪು ತುಂಡು ಇದ್ದಿತು. ಅದರ ಕೆಳಗೆ ತೂತಿರಲಿಲ್ಲ. ಅದಕ್ಕೆ ಎದುರಾಗಿ ಇನ್ನೊಂದು ಬದಿಯಲ್ಲಿ ಜೋಡಿಯೂ ಇರಲಿಲ್ಲ. ತ್ರಿಕೋನವೆಂದೊಡನೆ ನನ್ನ ಬುದ್ಧಿಯು ತಂತ್ರಶಾಸ್ತ್ರದ ಕಡೆಗೆ ಓಡಿತು. ಶಕ್ತಿಯ ಚಿಹ್ನೆಯಿರಬಹುದೆಂದು ಊಹಿಸಿ, “ಅವ್ವಾ, ಈ ಕೆಂಪು ತ್ಯಾಪಿ ಇಲ್ಲೇ ಯಾಕ ಹಚ್ಚೀರಿ?” ಎಂದು ಕೇಳಿದೆನು. ಆಕೆ ನಕ್ಕು, “ಸುಮ್ನ ಹಚ್ಚೀನ್ರೀ ಶಾಸ್ತ್ರಿಗಳ, ಚಂದ ಕಾಣ್ಲಿ ಅಂತ” ಎಂದಳು.

ಈ ‘ಸುಮ್ಮನೆ’ ಎಂಬ ಕನ್ನಡ ಮಾತನ್ನು ಮುಂದೆ ಮತ್ತೆ ವಿಚಾರಿಸಬೇಕಾಗಿದೆ. ಈಗ ಕಸೂತಿಯನ್ನು ಸಂಕ್ಷೇಪವಾಗಿ ಹೇಳುವೆನು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಹಾಸುಹೊಕ್ಕಿನ ಎಳೆಗಳನ್ನೇ ಎಣಿಸಿ, ಗಂಟು ಹಾಕದೆ ಹೊಲಿಯುವ ಈ ಕಲೆಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ಪ್ರಸಿದ್ಧವಾಗಿವೆ. ಗವಂತಿಯು ಒಳಗೂ ಹೊರಗೂ ಒಂದೇ ರೂಪ. ಮುರಗಿಯು ಮೆಟ್ಟಿಲುಮೆಟ್ಟಿಲಾಗಿ ಹೋಗುವುದು. ನೇಗಿಯು ನೆಯ್ಗೆಯಂತೆ ತೋರುವುದು. ಮೆಂತಿಯು ಮೆಂತೆಯ ಕಾಳಿನಂಥ ಅಡ್ಡಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲು, ತುಲಸಿಕಟ್ಟೆ, ಆನೆ, ನವಿಲು, ಗಿಳಿ, ಹೀಗೆ ಊರಿನ ಹೊರಗೂ ಒಳಗೂ ಕಾಣುವುದೆಲ್ಲ ಎಳೆಯ ಲೆಕ್ಕಕ್ಕೆ ಇಳಿಯುತ್ತದೆ. ಮದುವೆಗೆ ಬೇಕಾಗಿದ್ದ ಚಂದ್ರಕಾಳಿ ಸೀರೆಯ ಮೇಲೆ ಇದು ವೈಭವದಿಂದ ನಡೆಯುತ್ತಿದ್ದಿತು. ಕೂಸಿನ ಕುಂಚಿಗೆಯ ಮೇಲೆ ವಾತ್ಸಲ್ಯದಿಂದ ನಡೆಯುತ್ತಿದ್ದಿತು. ಛಂದಸ್ಸನ್ನು ಬಲ್ಲವರು ಕಸೂತಿಯನ್ನು ನೋಡಿದರೆ ಮಾತ್ರಾಗಣಗಳ ನೆನಪಾಗದೆ ಇರದು. ನಿಯಮವು ಕಠಿನವಾಗಿದ್ದಷ್ಟೂ ಲೀಲೆಗೆ ಹುರುಪು. ಇದೇ ಸೀಮೆಯ ತಾಂಡೆಗಳಲ್ಲಿ ಲಂಬಾಣಿ ಹೆಂಗಸರು ಕನ್ನಡಿ ಕವಡೆಗಳನ್ನು ಕೂಡಿಸಿ ಮಾಡುವ ಕಸೂತಿಯು ಬೇರೆಯೇ ಒಂದು ಸಂಪ್ರದಾಯ. ಅದನ್ನು ಬೇರೆ ಪ್ರಬಂಧದಲ್ಲಿ ವಿಚಾರಿಸುವುದು ನ್ಯಾಯ.

೫. ಆಕ್ಷೇಪ ಸಮಾಧಾನಗಳು

ಇಲ್ಲಿ ಒಂದು ಬಲವಾದ ಪೂರ್ವಪಕ್ಷವು ಏಳುತ್ತದೆ. ಕೌದಿಯು ದಾರಿದ್ರ್ಯದ ಕೂಸು. ಹೊಸ ಹೊದಿಕೆಯನ್ನು ಕೊಳ್ಳಲಾರದವರು ಹರಕನ್ನು ಕೂಡಿಸಿದರು. ಮರದ ಕುದುರೆಯನ್ನು ಕೊಡಿಸಲಾರದ ತಂದೆಯ ಮಗನು ದಂಟಿನ ಬಂಡಿಯನ್ನು ಮಾಡಿದನು. ಇದರಲ್ಲಿ ಆನಂದವನ್ನು ಕಾಣುವುದು ಹೊಟ್ಟೆ ತುಂಬಿದವನ ಕಲ್ಪನೆ. ಈ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಈ ಸೀಮೆಯು ಬರಗಾಲದ ಸೀಮೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಇಲ್ಲಿಯ ಹಳ್ಳಿಗಳನ್ನು ಬರಿದುಮಾಡಿತು. ಈಗ ಕೃಷ್ಣೆಯ ನೀರು ಏತನೀರಾವರಿಯಿಂದ ತಿಕೋಟೆ ಬಬಲೇಶ್ವರಗಳ ಕಡೆಗೆ ಬಂದು ದ್ರಾಕ್ಷಿಯ ಹಂದರಗಳು ಹಬ್ಬಿದ್ದರೂ, ಹಿಂದಿನ ಸಂಕಟವನ್ನು ಮರೆತು ಬಡತನವನ್ನು ಸಿಂಗರಿಸುವುದು ಪಾಪವೇ ಸರಿ.

ಸಮಾಧಾನವು ಹೀಗೆ. ಕಾರಣವು ಕಾರ್ಯದಷ್ಟನ್ನೇ ವಿವರಿಸಬೇಕು. ದಾರಿದ್ರ್ಯವು ಕೌದಿಯ ಪದರಗಳನ್ನು ವಿವರಿಸುತ್ತದೆ. ಚಳಿಯು ಅದರ ದಪ್ಪವನ್ನು ವಿವರಿಸುತ್ತದೆ. ಕೆಂಪು ತ್ರಿಕೋನವನ್ನು ಯಾವುದು ವಿವರಿಸಬೇಕು? ಅದಿಲ್ಲದಿದ್ದರೂ ಮೈ ಬೆಚ್ಚಗಾಗುತ್ತಿದ್ದಿತು. ಅದಕ್ಕಾಗಿ ಆಕೆ ದುಡಿದು ದಣಿದ ದಿನದ ಕಡೆಯಲ್ಲಿ ಮತ್ತೆ ಇಪ್ಪತ್ತು ಹೊಲಿಗೆಗಳನ್ನು ಹಾಕಿದಳು. ಪ್ರಯೋಜನದಿಂದ ಹುಟ್ಟಿದುದರಲ್ಲಿ ಪ್ರಯೋಜನವನ್ನು ಮೀರಿದ ಅಂಶವಿದ್ದರೆ ಅದಕ್ಕೆ ಬೇರೆ ಕಾರಣವನ್ನು ಒಪ್ಪಲೇಬೇಕು. ಬಡತನವು ಆ ಕಾರಣವಲ್ಲ. ಬಡತನವೂ ಅದನ್ನು ತಡೆಯಲಾರದೆ ಹೋಯಿತು.

ಆ ಕಾರಣಕ್ಕೆ ವೇದಾಂತಿಗಳ ಹೆ ಸರು ಲೀಲೆ. ಆಪ್ತಕಾಮನಾದ ಪರಮಾತ್ಮನು ಜಗತ್ತನ್ನು ಏಕೆ ಸೃಷ್ಟಿಸಿದನೆಂಬ ಪ್ರಶ್ನೆಗೆ ಬಾದರಾಯಣರು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಲೋಕದ ದೃಷ್ಟಾಂತದಿಂದ ಉತ್ತರ ಕೊಡುತ್ತಾರೆ: ಲೋಕದಲ್ಲಿಯೂ ಕೇವಲ ಲೀಲೆಯನ್ನು ಕಾಣುತ್ತೇವಷ್ಟೆ. ಶಂಕರಭಗವತ್ಪಾದರು ಅದಕ್ಕೆ, ಬಯಕೆಗಳೆಲ್ಲ ಈಡೇರಿದ ರಾಜನು ಅಥವಾ ರಾಜಾಮಾತ್ಯನು ವಿಹಾರಸ್ಥಾನಗಳಲ್ಲಿ ಕ್ರೀಡಿಸುವುದನ್ನೂ, ಉಸಿರಾಟವು ತಾನಾಗಿಯೇ ನಡೆಯುವುದನ್ನೂ ಉದಾಹರಿಸುತ್ತಾರೆ. ಭಾಷ್ಯಕಾರರ ಮಾತಿಗೆ ನಾನು ತಿದ್ದುಪಡಿಯನ್ನು ಸೂಚಿಸುತ್ತಿಲ್ಲ. ಆದರೆ ಕನ್ನಡ ನಾಡಿನ ವೇದಾಂತಪಾಠಗಳಲ್ಲಿ ಆ ಎರಡು ಉದಾಹರಣೆಗಳ ಜೊತೆಗೆ ಮೂರನೆಯದನ್ನು ಸೇರಿಸಬಹುದೆಂದು ತೋರುತ್ತದೆ. ರಾಜನಿಗೆ ಬಯಕೆಗಳು ಈಡೇರಿದ್ದುವು. ಬಬಲೇಶ್ವರದ ಮುದುಕಿಗೆ ಈಡೇರಿರಲಿಲ್ಲ. ಆದರೂ ಆಕೆಯ ಕೈ ಆಡಿತು. ಉಸಿರಾಟದಷ್ಟೇ ಸಹಜವಾಗಿ ಆಡಿತು. ಸಂಸ್ಕೃತದಲ್ಲಿ ಲೀಲೆಯೆಂದುದನ್ನು ಆಕೆ ‘ಸುಮ್ನ’ ಎಂದಳು. ಸುಮ್ಮನೆ ಎಂದರೆ ವ್ಯರ್ಥವಾಗಿ ಎಂದೂ, ಮೌನವಾಗಿ ಎಂದೂ, ಬೇರೊಂದು ಫಲವನ್ನು ಬಯಸದೆ ಎಂದೂ ಅರ್ಥವಾಗುತ್ತದೆ. ಮೂರನೆಯ ಅರ್ಥವನ್ನು ನಾವು ಪಂಡಿತರು ಮೊದಲನೆಯದರಲ್ಲಿ ಮುಳುಗಿಸಿಬಿಟ್ಟೆವು.

ಇನ್ನೊಂದು ಆಕ್ಷೇಪ: ಇವು ರಾಜಾಶ್ರಯವಿಲ್ಲದ ಕಲೆಗಳಾದುದರಿಂದ ಇವುಗಳಿಗೆ ಇತಿಹಾಸವೇ ಇಲ್ಲ. ತರ್ದವಾಡಿ ಸಾಸಿರವೆಂದು ಹೆಸರಾಗಿದ್ದ ಈ ಪ್ರದೇಶವು ಚಾಲುಕ್ಯರಿಗೆ ಸೇರಿದ್ದಾಗ, ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ವಿನೋದಗಳಿಗೂ ಕ್ರೀಡೆಗಳಿಗೂ ಎರಡು ವಿಂಶತಿಗಳನ್ನೇ ಮೀಸಲಿಟ್ಟಿದೆ. ಅವು ಅರಸನ ವಿನೋದಗಳು. ನವರಸಗಳಲ್ಲಿ ಮುಳುಗಿದ್ದ ಎರಡನೆಯ ಇಬ್ರಾಹಿಂ ಆದಿಲಶಾಹನು ತೊರವಿಯ ಹತ್ತಿರ ೧೫೯೯ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದನು. ಅದೂ ಅರಸನ ವಿನೋದ. ಆ ನವರಸಪುರವು ಈಗ ಪಾಳುಗೋಡೆಗಳಾಗಿ ನಿಂತಿದೆ. ವರುಷಕ್ಕೊಮ್ಮೆ ನೀರಿನಲ್ಲಿ ಕರಗುವ ಮಣ್ಣೆತ್ತು ಇಂದಿಗೂ ಹುಟ್ಟುತ್ತಿದೆ. ಉಳಿಯಲೆಂದು ಕಟ್ಟಿದುದು ಬಿದ್ದಿತು, ಕರಗಲೆಂದು ಮಾಡಿದುದು ಉಳಿಯಿತು. ವಸ್ತುವಿಗೆ ಇಲ್ಲದ ಆಯುಷ್ಯವು ಮಾಡುವ ಕ್ರಮಕ್ಕೆ ಇರುವುದಾದರೆ, ಆ ಕ್ರಮಕ್ಕೆ ಇತಿಹಾಸವಿಲ್ಲವೆನ್ನುವುದು ಹೇಗೆ?

೬. ಉಪಸಂಹಾರ

ಆದರೆ ಕ್ರಮದ ಆಯುಷ್ಯವೂ ಅಕ್ಷಯವಲ್ಲ. ವಿಜಯಪುರದ ಪೇಟೆಯಲ್ಲಿ ಅಚ್ಚಿನಲ್ಲಿ ಎರೆದ ಎತ್ತುಗಳು ಬಂದಿವೆ. ನೂರೂ ಒಂದೇ ಮುಖ. ಅವುಗಳನ್ನು ಕೊಂಡು ಪೂಜಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ತಾಂಡೆಯ ಹೆಣ್ಣುಮಗಳು ಕಸೂತಿಯನ್ನು ಮಾರಿ ನಾಲ್ಕು ಕಾಸು ಗಳಿಸಿದರೆ ಅದು ಸಂತೋಷದ ಸಂಗತಿಯೇ. ಮಾರುವ ಅಶ್ವಕಕ್ಕೂ ವ್ಯಾಕರಣದಲ್ಲಿ ಸ್ಥಾನವುಂಟು. ಚಿಂತೆಯೇನೆಂದರೆ, ಅಪವಾದಸೂತ್ರಕ್ಕೆ ಉದಾಹರಣೆಯು ಇಲ್ಲದಾಗುವ ಕಾಲವು ಬಂದೀತೆಂಬುದು. ಅಂದು ಎತ್ತಿನ ಗೊಂಬೆಯಿದ್ದೀತು. ಗೋದಲಿಯನ್ನು ಮಾಡದೆ ಬಿಡಲಾರದ ಕೂಸಿನ ಮನಸ್ಸು ಇರಲಿಕ್ಕಿಲ್ಲ.

ಈ ಜಿಲ್ಲೆಯಲ್ಲಿಯೇ ನಮಗೆ ದಾರಿ ತೋರಿದವರು ಇದ್ದಾರೆ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ನೆಲೆಸಿ, ಮನೆಮನೆಗಳಲ್ಲಿ ಮೂಲೆಗೆ ಬಿದ್ದಿದ್ದ ತಾಡವೋಲೆಗಳನ್ನು ಕೂಡಿಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಮೇದರ ಕೇತಯ್ಯ ಎಂಬಂಥ, ಕೈಗೆಲಸವನ್ನೇ ಹೆಸರಿನಲ್ಲಿ ಧರಿಸಿದ ಶರಣರು ಕನ್ನಡಿಗರೆಲ್ಲರಿಗೆ ಪರಿಚಿತರಾದುದು ಇಂಥ ಶ್ರಮದಿಂದ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಬಾಯಲ್ಲಿದ್ದುದನ್ನು ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಬೀಸುವಾಗ ಹಾಡಿದ ಬಾಯಿ, ಬಿಡುವಿನಲ್ಲಿ ಹೊಲಿದ ಕೈ, ಇವೆರಡೂ ಅದೇ ಗರತಿಯವು. ಬಾಯಿಗೆ ದೊರೆತ ಆದರವು ಕೈಗೂ ದೊರೆಯಬೇಕು.

ಅದಕ್ಕೆ ದೊಡ್ಡ ವೆಚ್ಚವು ಬೇಕಾಗಿಲ್ಲ. ಸಾಹಿತ್ಯವನ್ನು ಕಲಿಸುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೆ ಹೇಳಿ, ಪ್ರತಿಯೊಬ್ಬರ ಮನೆಯಲ್ಲಿಯೂ ಇರುವ ಒಂದು ಕೌದಿಯ ಪದರಗಳನ್ನೂ ಅವುಗಳ ಕಥೆಯನ್ನೂ ಬರೆಯಿಸಲಿ. ಹೊಲಿಗೆಯ, ತುಂಡಿನ, ಚಿತ್ರದ ಹೆಸರುಗಳನ್ನು ಆಯಾ ಓಣಿಯ ಉಚ್ಚಾರದಂತೆಯೇ ಬರೆದುಕೊಳ್ಳಲಿ. ಮೃಚ್ಛಕಟಿಕವನ್ನು ಪಾಠ ಹೇಳುವ ದಿನ ಜೋಳದ ದಂಟಿನ ಒಂದು ಬಂಡಿಯನ್ನು ತರಗತಿಗೆ ತರಿಸಲಿ. ಏಕೆ ಹೀಗೆ ಮಾಡಿದಿರೆಂಬ ಪ್ರಶ್ನೆಗೆ ‘ಸುಮ್ಮನೆ’ ಎಂಬ ಉತ್ತರ ಬಂದರೆ ಅದನ್ನು ಅಜ್ಞಾನವೆಂದು ಹೊಡೆದುಹಾಕದೆ ಹಾಗೆಯೇ ಬರೆದಿಡಲಿ.

ಇಷ್ಟನ್ನು ಹೇಳುವ ಅಧಿಕಾರವು ನನಗೆ ಪೂರ್ತಿಯಾಗಿ ಇಲ್ಲ. ನಮ್ಮ ತಾಯಿಯವರು ಹೊಲಿದ ಕೌದಿಯೊಂದು ಬಹುಕಾಲ ಅಟ್ಟದ ಮೇಲೆ ಇದ್ದಿತು. ಅವರು ತೀರಿಕೊಂಡ ಮೇಲೆ ಮನೆಯನ್ನು ಓರಣಗೊಳಿಸುವಾಗ, ಹಳೆಯ ಬಟ್ಟೆಗೆ ಪಾತ್ರೆಯನ್ನು ಕೊಡುವವರು ಬಾಗಿಲಿಗೆ ಬರಲು, ನಾನೇ ಅದನ್ನು ಎತ್ತಿ ಕೊಟ್ಟೆನು. ಒಳಗೆ ಹೋಗಿ ನಾನು ಬಿಚ್ಚಿದ ಗ್ರಂಥವು ಅಷ್ಟಾಧ್ಯಾಯಿಯೇ. ಬಂದ ಪಾತ್ರೆಯು ಈಗಲೂ ಮನೆಯಲ್ಲಿದೆ. ಕೌದಿಯ ಮೇಲೆ ಯಾವ ಬಣ್ಣದ ತುಂಡುಗಳಿದ್ದುವೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಓದದೆ ಕಳೆದುಕೊಂಡ ಆ ಒಂದು ಶಾಸನಕ್ಕೆ ಪ್ರತಿಯಾಗಿ ಈ ಕೆಲವು ಪುಟಗಳನ್ನು ವಿದ್ವಜ್ಜನರ ಮುಂದೆ ಇಟ್ಟಿದ್ದೇನೆ. ನ್ಯೂನಾತಿರೇಕಗಳನ್ನು ಬಲ್ಲವರು ತಿದ್ದಬೇಕು. ಇತ್ಯಲಂ.